ದಂಟಿನ ಚಕ್ಕಡಿ ಕಲಿಸಿದ ಲೆಕ್ಕ

ಕಾರಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ನಮ್ಮ ಕಡೆ ಮಣ್ಣೆತ್ತಿನ ಅಮಾವಾಸ್ಯೆ. ಅಂದು ನಿಡಸೋಸಿಯ ನಮ್ಮ ಮನೆಯಲ್ಲೂ ಮಣ್ಣಿನ ಎತ್ತು ಮಾಡಿ ಪೂಜಿಸುತ್ತೇವೆ. ಈ ಸಲ ಎತ್ತು ಮಾಡಿದವಳು ಮಗಳು. ಅವುಗಳಿಗೆ ಚಕ್ಕಡಿ ಮಾಡಿಕೊಡುತ್ತೇನೆಂದು ಕುಳಿತವನು ಎಂಟನೆಯ ತರಗತಿಯ ಮಗ.

ನನಗೆ ಸಿಟ್ಟು ಬಂತು. ಹೋದ ವರ್ಷ ವೃತ್ತದ ಲೆಕ್ಕಗಳನ್ನೆಲ್ಲ ತಪ್ಪು ಮಾಡಿ, ಹೇಗೋ ಪಾಸಾದವನು ಅವನು. “ಗಣಿತ ನನಗ ಬರೂದಿಲ್ಲವ್ವಾ” ಎಂದು ಪುಸ್ತಕವನ್ನೇ ಮುಚ್ಚಿಟ್ಟಿದ್ದ.

“ಆಟ ಸಾಕು, ಪುಸ್ತಕ ತಗಿ” ಎಂದೆ. ಕಟ್ಟೆಯ ಮೇಲೆ ಕುಳಿತಿದ್ದ ಮಾವನವರು, “ಇರಲಿ ಬಿಡವಾ, ಮಾಡಲಿ” ಎಂದರು. ನಾನೂ ಸುಮ್ಮನೆ ನೋಡುತ್ತ ಕುಳಿತೆ.

ಮೊದಲ ಪಾಠ ಮಗಳಿಗೆ. ಬಿಸಿಲಿಗಿಟ್ಟ ಎತ್ತು ಬಿರುಕು ಬಿಟ್ಟಿತು. ಹೊರಗಿನ ಮಣ್ಣು ಬೇಗ ಒಣಗಿ ಕುಗ್ಗುತ್ತದೆ, ಒಳಗಿನದು ಇನ್ನೂ ಹಸಿಯಾಗಿರುತ್ತದೆ; ಅದಕ್ಕೇ ಬಿರುಕು. ಎರಡನೆಯ ಜೋಡಿಯನ್ನು ಆಕೆ ನೆರಳಿನಲ್ಲಿ ಒಣಗಿಸಿದಳು. ವಿಜ್ಞಾನದ ಪಾಠ ಅಂಗಳದಲ್ಲೇ ಆಯಿತು.

ಮಗ ಬಣವೆಯಿಂದ ಜೋಳದ ದಂಟು ಎಳೆದು ತಂದ. ದಂಟಿನ ಮೇಲಿನ ಸಿಬಿರು ಗಟ್ಟಿ, ಆದರೆ ಬಾಗುತ್ತದೆ. ಒಳಗಿನ ಬೆಂಡು ಹಗುರ. ಚುಚ್ಚಿದ ಸಿಬಿರನ್ನು ಹಿಡಿದುಕೊಳ್ಳುತ್ತದೆ. ಅಂಟು ಬೇಡ, ಮೊಳೆ ಬೇಡ. ಸಿಬಿರು ಬಾಗಿಸಿ ಗಾಲಿ ಮಾಡಿ, ಎರಡನ್ನೂ ಅಚ್ಚಿಗೆ ಬಿಗಿದ. ಎಳೆದರೆ ಚಕ್ಕಡಿ ನೆಟ್ಟಗೆ ಹೋಗದೆ ಒಂದೇ ಕಡೆ ತಿರುಗಿತು! ಒಂದು ಗಾಲಿ ಸಣ್ಣದಾಗಿತ್ತು. ಒಂದು ಸುತ್ತಿಗೆ ದೊಡ್ಡ ಗಾಲಿ ಹೆಚ್ಚು ದೂರ ಹೋಗುತ್ತದೆ; ಬಂಡಿ ಸಣ್ಣದರ ಕಡೆ ವಾಲುತ್ತದೆ.

“ಎರಡೂ ಗಾಲಿ ಏಳು ಸೆಂಟಿಮೀಟರ್ ಅಗಲ ಬೇಕು. ಸಿಬಿರು ಎಷ್ಟುದ್ದ ಕತ್ತರಿಸಲಿ?” ಎಂದ. ನಾನು ಬಾಯಿ ಬಿಡಲಿಲ್ಲ. ಡಬ್ಬಿಯ ಮುಚ್ಚಳಕ್ಕೆ ದಾರ ಸುತ್ತಿ ಅಳೆದ. ಅಗಲದ ಮೂರು ಪಟ್ಟು, ಮೇಲೆ ಸ್ವಲ್ಪ. ಇನ್ನೊಂದು ಮುಚ್ಚಳಕ್ಕೂ ಅಷ್ಟೇ. ತಟ್ಟನೆ ತಲೆಯೆತ್ತಿ, “ಅವ್ವಾ, ಇದು 22/7 ಅಲ್ಲೇನು?” ಎಂದ. ಏಳಕ್ಕೆ ಇಪ್ಪತ್ತೆರಡು ಸೆಂಟಿಮೀಟರ್, ಜೋಡಿಸಲು ಒಂದು ಬೆರಳು ಹೆಚ್ಚು. ಈಗ ಚಕ್ಕಡಿ ನೆಟ್ಟಗೆ ಓಡಿತು.

ನೊಗ, ಈಸು, ಗುಂಬ, ಕಡಾಣಿ ಎಂದು ಒಂದೊಂದೇ ಭಾಗದ ಹೆಸರನ್ನು ಮಾವನವರು ಹೇಳಿದರು. ಟ್ರ್ಯಾಕ್ಟರ್ ಕಾಲದ ಮಕ್ಕಳಿಗೆ ಹೊಸ ಪದಗಳವು. ಮಗ ಚಿತ್ರ ಬರೆದು ಹೆಸರು ತುಂಬಿದ. ಕನ್ನಡವೂ ಆಯಿತು, ಚಿತ್ರಕಲೆಯೂ ಆಯಿತು.

ಕಾನ್ಪುರದ ಐಐಟಿಯಲ್ಲಿ ಓದಿದ ಅರವಿಂದ ಗುಪ್ತಾ ಅವರು ಬೆಂಕಿಕಡ್ಡಿ, ಸೈಕಲ್ಲಿನ ವಾಲ್ವ್ ಟ್ಯೂಬು, ಹಳೆಯ ಕಾಗದಗಳಿಂದಲೇ ಆಟಿಕೆ ಮಾಡಿಸಿ ಮಕ್ಕಳಿಗೆ ವಿಜ್ಞಾನ ಕಲಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕಡ್ಡಿಯ ಚೌಕ ಒತ್ತಿದರೆ ಓರೆಯಾಗುತ್ತದೆ, ತ್ರಿಕೋನ ಆಗುವುದಿಲ್ಲ. ನಮ್ಮ ಚಕ್ಕಡಿಯ ಚೌಕಟ್ಟು ಅಲುಗಾಡಿದಾಗ ಮಗನೂ ಮೂಲೆಯಿಂದ ಮೂಲೆಗೆ ಒಂದು ಸಿಬಿರು ಸಿಕ್ಕಿಸಿದ್ದ!

ಮುಂದಿನ ಪರೀಕ್ಷೆಯಲ್ಲಿ ಅವನೇನೂ ಮೊದಲಿಗನಾಗಲಿಲ್ಲ. ಆದರೆ “ಬರೂದಿಲ್ಲ” ಎಂಬ ಮಾತು ನಿಂತಿದೆ. ತಪ್ಪಾದರೆ ಈಗ ಮತ್ತೊಮ್ಮೆ ಅಳೆಯುತ್ತಾನೆ.

ಮಕ್ಕಳೇ, ದಂಟು ಸಿಗದಿದ್ದರೆ ರಟ್ಟಿನಲ್ಲೇ ಚಕ್ಕಡಿ ಮಾಡಿ ನೋಡಿ. ಸಿಬಿರು ಕೈ ಕೊಯ್ಯುತ್ತದೆ, ಜೋಕೆ. ದೊಡ್ಡವರು ಪಕ್ಕದಲ್ಲೇ ಕುಳಿತಿರಿ. ಉತ್ತರ ಮಾತ್ರ ಹೇಳಬೇಡಿ.