ಬಾವಿ ದಂಡೆಯ ಹರಳು

ನಮ್ಮ ಭಾಗದಲ್ಲಿ ಹರಳು ಹುಡುಕುವವರು ಗುಡ್ಡ ಹತ್ತಬೇಕಿಲ್ಲ. ಯಾರ ಹೊಲದಲ್ಲಿ ಹೊಸ ಬಾವಿ ತೋಡುತ್ತಿದ್ದಾರೆ ಎಂದು ವಿಚಾರಿಸಿದರೆ ಸಾಕು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಎರೆಮಣ್ಣಿನ ಕೆಳಗಿರುವುದು ಬಹುತೇಕ ಒಂದೇ ಕಲ್ಲು: ಕರಿಕಲ್ಲು, ಅಂದರೆ ಬಸಾಲ್ಟ್. ಬೇಸಿಗೆಯಲ್ಲಿ ಸುರಂಗ ಹಾರಿಸಿ ಮೇಲೆತ್ತಿದ ಕಲ್ಲೆಲ್ಲ ಬಾವಿ ದಂಡೆಯ ಮೇಲೆ ರಾಶಿ ಬೀಳುತ್ತದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು ರವಿವಾರ ಬಿಡುವಾದಾಗ ಆಸಕ್ತ ಮಕ್ಕಳನ್ನೂ ಒಬ್ಬಿಬ್ಬರು ಪಾಲಕರನ್ನೂ ಕರೆದುಕೊಂಡು ಇಂಥ ರಾಶಿಗಳ ಕಡೆ ಹೋಗುತ್ತೇನೆ.

“ಏನ್ರೀ ಅಕ್ಕೋರ, ಬಂಗಾರ ಹುಡಕಾಕ ಹತ್ತೀರೇನು?” ಎಂದು ಹೊಲದವರು ಕೇಳಿಯೇ ಕೇಳುತ್ತಾರೆ.

“ಬಂಗಾರ ಎಲ್ಲಿದರೀ ಕಾಕಾ, ಗುಳ್ಳಿ ಹುಡಕಾಕ ಹತ್ತೇವಿ.”

ಗುಳ್ಳೆಯಲ್ಲೇ ಎಲ್ಲ ಇದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿ ಬಿರಿದು ಉಕ್ಕಿದ ಲಾವಾ ಪದರದ ಮೇಲೆ ಪದರವಾಗಿ ಹರಿಯಿತು. ಈಗ ಉಳಿದಿರುವ ಅದರ ಹಾಸೇ ಸುಮಾರು 5 ಲಕ್ಷ ಚದರ ಕಿಲೋಮೀಟರ್. ಬೆಲ್ಲದ ಗಾಣದ ಕಡಾಯಿಯಲ್ಲಿ ಪಾಕದ ಗುಳ್ಳೆ ಮೇಲೇರುವಂತೆ ಲಾವಾದೊಳಗಿನ ಅನಿಲ ಮೇಲೇರಿ, ಪದರದ ನೆತ್ತಿಯಲ್ಲಿ ಸಿಕ್ಕಿಕೊಂಡಿತು. ಲಾವಾ ಆರಿ ಕಲ್ಲಾದ ಮೇಲೆ ಆ ಗುಳ್ಳೆಗಳು ಪೊಳ್ಳಾಗಿ ಉಳಿದವು. ಮುಂದೆ ಬಿಸಿನೀರು ಅದೇ ಕಲ್ಲಿನಿಂದ ಸಿಲಿಕಾ, ಕ್ಯಾಲ್ಸಿಯಂ, ಸೋಡಿಯಂ ಕರಗಿಸಿ ತಂದು ಈ ಪೊಳ್ಳುಗಳ ಗೋಡೆಗೆ ಹರಳು ಕಟ್ಟಿಸಿತು. ಕಡಿ ಮಷಿನ್‌ನವರಿಗೆ ಬೇಕಾದದ್ದು ಪದರದ ಗಟ್ಟಿ ನಡುಭಾಗ. ಅವರು ಬೇಡವೆಂದು ಸರಿಸುವ ಗುಳ್ಳೆಗಲ್ಲೇ ನಮಗೆ ಬೇಕು. ಕೆಲವು ಬಾವಿಗಳ ಗೋಡೆಯಲ್ಲಿ ಇಟ್ಟಂಗಿ ಬಣ್ಣದ ಪಟ್ಟಿಯೊಂದು ಕಾಣುತ್ತದೆ. ಒಂದು ಲಾವಾ ಆರಿ, ಅದರ ಮೇಲ್ಮೈ ಸವೆದು ಮಣ್ಣಾದ ಮೇಲೆ ಇನ್ನೊಂದು ಬಂದು ಮುಚ್ಚಿದ ಗುರುತು ಅದು. ಗುಳ್ಳೆಗಲ್ಲು ಸಾಮಾನ್ಯವಾಗಿ ಆ ಪಟ್ಟಿಯ ಕೆಳಗೇ ಇರುತ್ತದೆ.

ಸಿಕ್ಕಿದ್ದನ್ನು ಗುರುತಿಸಲು ಪ್ರಯೋಗಾಲಯ ಬೇಡ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ, ಒಂದು ಚಾಕು, ಒಂದು ಗಾಜಿನ ಚೂರು, ಸ್ವಲ್ಪ ತೆಳು ಆಮ್ಲ ಸಾಕು. ಗಾಜನ್ನು ಗೀರುವ, ಚಾಕುವಿಗೆ ಬಗ್ಗದ ಹರಳು ಬೆಣಚು. ಹರಳಿನ ಮುಖವಿಲ್ಲದೆ ಮೇಣದಂತೆ ನುಣುಪಾಗಿದ್ದರೆ ಚಾಲ್ಸೆಡೊನಿ, ಅದರಲ್ಲಿ ಪಟ್ಟಿಗಳಿದ್ದರೆ ಅಗೇಟ್. ಚಾಕುವಿಗೆ ಸುಲಭವಾಗಿ ಗೀರಿ, ಆಮ್ಲದ ಹನಿ ಬಿದ್ದೊಡನೆ ನೊರೆಯುವುದು ಕ್ಯಾಲ್ಸೈಟ್. ಚಾಕುವಿಗೆ ಗೀರಿಯೂ ನೊರೆಯದೆ, ಬೆಳ್ಳಗೆ ಸೂಜಿಗಳಾಗಿ ಇಲ್ಲವೇ ಮುತ್ತಿನ ಹೊಳಪಿನ ಹಾಳೆಗಳಾಗಿ ಕೂತಿದ್ದರೆ ಬಹುಶಃ ಜಿಯೋಲೈಟ್. ಈ ಜಿಯೋಲೈಟ್ ತನ್ನೊಳಗೆ ನೀರು ಹಿಡಿದುಕೊಂಡಿರುತ್ತದೆ, ಕಾಯಿಸಿದರೆ ಬಿಡುತ್ತದೆ. ಕಾರ್ಖಾನೆಯಲ್ಲಿ ತಯಾರಿಸಿದ ಇದರ ಬಳಗದವನ್ನೇ ಬಟ್ಟೆ ಸೋಪಿನ ಪುಡಿಗೆ ಬೆರೆಸುತ್ತಾರೆ ಎಂದರೆ ಮಕ್ಕಳು ನಂಬುವುದಿಲ್ಲ.

ಬಾವಿ ಸಿಗದ ದಿನ ಹೊಳೆ ಇದ್ದೇ ಇದೆ. ಮಾಂಜರಿ, ಅಂಕಲಿ, ಕುಡಚಿಗಳ ಹತ್ತಿರ ಬೇಸಿಗೆಯಲ್ಲಿ ಕೃಷ್ಣೆಯ ನೀರು ಇಳಿದಾಗ ದಂಡೆಯ ಹರಳುಗಲ್ಲು ಬಯಲಾಗುತ್ತವೆ. ಮಹಾಬಳೇಶ್ವರದಿಂದ ಇಲ್ಲಿಯವರೆಗೆ ಕೃಷ್ಣೆ ಹರಿದು ಬಂದದ್ದು ಲಾವಾ ನೆಲದ ಮೇಲೆಯೇ. ಹಾಗಾಗಿ ಇಲ್ಲಿ ಹೊಳೆಯುವ ಬಿಳಿ, ಕೆಂಪು ಹರಳು ಸಿಕ್ಕರೆ ಅದು ಮೇಲೆಲ್ಲೋ ಒಂದು ಗುಳ್ಳೆಯಲ್ಲಿ ಹುಟ್ಟಿದ್ದೇ ಹೆಚ್ಚು ಸಂಭವ. ಎಲ್ಲಿಯ ಗುಳ್ಳೆ ಎಂಬುದನ್ನು ಮಾತ್ರ ಹೊಳೆ ಹೇಳುವುದಿಲ್ಲ.

ಬಾವಿ ಕಲ್ಲು ಅದನ್ನು ಹೇಳುತ್ತದೆ. ಆದರೆ ನಾವು ಬರೆದಿಟ್ಟರೆ ಮಾತ್ರ. ಊರು, ತಾಲ್ಲೂಕು, ಯಾವ ಹೊಲ, ಎಷ್ಟು ಆಳ, ಯಾವ ತಾರೀಖು, ಯಾರಿಗೆ ಸಿಕ್ಕಿತು: ಇಷ್ಟನ್ನು ಅಲ್ಲೇ ಬರೆದು ಚೀಟಿಯನ್ನು ಕಲ್ಲಿನ ಜೊತೆಗೇ ಸುತ್ತುವುದು ನಮ್ಮ ಮೊದಲ ನಿಯಮ. ಚೀಟಿ ಇಲ್ಲದ ಹರಳು ಶೋಕೇಸಿಗೆ ಆದೀತು, ವಿಜ್ಞಾನಕ್ಕೆ ಆಗದು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಗೋಕಾಕದ ಬಳಿ ಸಿಕ್ಕ ಖಡ್ಗಮೃಗದ ಪಳೆಯುಳಿಕೆಯನ್ನು 1874ರಲ್ಲಿ ಪ್ರಕಟಿಸಿ, ಅದಕ್ಕೆ ದಖ್ಖನ್ನಿನ ಹೆಸರಿಟ್ಟ. ಸ್ಥಳವನ್ನು ಬರೆದಿಟ್ಟದ್ದರಿಂದಲೇ ಬೆಳಗಾವಿ ಜಿಲ್ಲೆಯಲ್ಲಿ ಒಂದು ಕಾಲಕ್ಕೆ ಖಡ್ಗಮೃಗ ಇತ್ತೆಂದು ಇವತ್ತು ಹೇಳಬಹುದು. ಬರೀ ಮೂಳೆ ಆ ಮಾತು ಹೇಳುತ್ತಿರಲಿಲ್ಲ.

ಅಮೆರಿಕದಲ್ಲಿ ಹವ್ಯಾಸಿ ಖನಿಜ ಸಂಘಗಳ ಒಕ್ಕೂಟವೇ 1947ರಿಂದ ಇದೆ. ಟೂಸಾನ್ ನಗರದ ಸಂಘವೊಂದು 1955ರಲ್ಲಿ ಶುರುಮಾಡಿದ ಪ್ರದರ್ಶನ ಈಗ ಜಗತ್ತಿನ ದೊಡ್ಡ ಕಲ್ಲಿನ ಜಾತ್ರೆ. ಅಲ್ಲಿ ಪುಣೆ, ಜಳಗಾಂವಗಳ ಕ್ವಾರಿಗಳ ಜಿಯೋಲೈಟಿಗೆ ಬಹಳ ಬೆಲೆ. ಪುಣೆ ಬಳಿಯ ವಾಘೋಲಿಯ ಕಡುನೀಲಿ ಕ್ಯಾವನ್ಸೈಟ್ ಅಂತೂ ವಿಶ್ವಪ್ರಸಿದ್ಧ. ದೂರ ಹೋಗಲಾರದವರು ನಾಸಿಕ ಹತ್ತಿರದ ಸಿನ್ನರ್‌ನಲ್ಲಿರುವ ಗಾರಗೋಟಿ ಸಂಗ್ರಹಾಲಯ ನೋಡಬಹುದು. ನಮ್ಮ ನೆಲದಡಿ ಇರುವ ಲಾವಾದ್ದೇ ಅಣ್ಣತಮ್ಮ ಹರಳುಗಳು ಅಲ್ಲಿವೆ.

ಬೆಲೆಯ ಮಾತು ಬಂದರೆ ಎಚ್ಚರವೂ ಬೇಕು. ಅಗೇಟ್, ಕ್ಯಾಲ್ಸೈಟ್‌ಗಳನ್ನು 2015ರಲ್ಲಿ ಉಪಖನಿಜಗಳ ಪಟ್ಟಿಗೆ ಸೇರಿಸಲಾಗಿದೆ. ಅಗೆದು ಮಾರಲು ಸರ್ಕಾರದ ಪರವಾನಗಿ ಬೇಕು. ನಾವು ಅಗೆಯುವುದೂ ಇಲ್ಲ, ಮಾರುವುದೂ ಇಲ್ಲ. ಹೊಲದವರನ್ನು ಕೇಳದೆ ಕಾಲಿಡುವುದಿಲ್ಲ. ಬಾವಿಯೊಳಗೆ ಮಕ್ಕಳನ್ನು ಇಳಿಸುವುದಿಲ್ಲ, ಸುರಂಗ ತುಂಬಿದ ದಿನ ಆ ಕಡೆ ಹಾಯುವುದಿಲ್ಲ, ಕಲ್ಲು ಒಡೆಯುವಾಗ ಕನ್ನಡಕ ಕಡ್ಡಾಯ. ಹೊಳೆ ದಂಡೆಯಲ್ಲಿ ಆದಿಮಾನವರು ಅಗೇಟಿನಿಂದ ಕೆತ್ತಿದ ಸಣ್ಣ ಅಲಗುಗಳು ಕಂಡರೆ ಇದ್ದಲ್ಲೇ ಬಿಟ್ಟು ಫೋಟೊ ತೆಗೆಯುತ್ತೇವೆ. ಅವು ಪುರಾತತ್ವದವರ ಪಾಲು.

ಬಾವಿಗೆ ಕಲ್ಲು ಕಟ್ಟಿದ ಮೇಲೆ ಆ ಗೋಡೆ ಯಾರಿಗೂ ಕಾಣುವುದಿಲ್ಲ. ರಾಶಿ ಟ್ರ್ಯಾಕ್ಟರಿನಲ್ಲಿ ಏರಿ ರಸ್ತೆಗೋ ಒಡ್ಡಿಗೋ ಹೋಗುತ್ತದೆ. ಅದಕ್ಕೂ ಮೊದಲು ಹರಳನ್ನು ನೋಡುವವರು ಬಾವಿ ಕೆಲಸದವರು. ಎಷ್ಟೋ ಸಲ ಚೆಂದದ್ದನ್ನು ನಮಗಾಗಿ ಬದಿಗೆ ಎತ್ತಿಟ್ಟಿರುತ್ತಾರೆ. “ಯಾರಿಗೆ ಸಿಕ್ಕಿತು ಅಂತ ಯಾರ ಹೆಸರು ಬರೀಲಿರೀ?” ಎಂದು ಮಕ್ಕಳು ಕೇಳುತ್ತಾರೆ. ಕೊಟ್ಟವರನ್ನು ಕೇಳಿ, ಒಪ್ಪಿದರೆ ಅವರ ಹೆಸರನ್ನೇ ಬರೆಸುತ್ತೇನೆ. ನಮ್ಮದು ರವಿವಾರದ ಹವ್ಯಾಸ. ಕಲ್ಲನ್ನು ಕಂಡು ಹಿಡಿದವರು ಅವರು.