ಪ್ರಮಾಣಪತ್ರ ಬಂತು, ಪಾಠ ಬದಲಾಯಿತೇ?

ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ರಾಯಚೂರು ಜಿಲ್ಲೆಯ ಹಳ್ಳಿಗಳಿಗೆ ಟಿ.ವಿ. ಅದಕ್ಕೂ ಆರು ವರ್ಷ ಮೊದಲೇ ಬಂದಿತ್ತು. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಎಂಬ ಉಪಗ್ರಹ ಪ್ರಯೋಗಕ್ಕೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಿದ್ದರು. ಕರ್ನಾಟಕದಿಂದ ಆಯ್ಕೆಯಾದದ್ದು ರಾಯಚೂರು, ಗುಲಬರ್ಗಾ ಮತ್ತು ವಿಜಾಪುರ ಜಿಲ್ಲೆಗಳು. ಹಿಂದುಳಿದ ಪ್ರದೇಶ ಎಂಬುದೇ ಆಯ್ಕೆಗೆ ಕಾರಣ. ಉಪಗ್ರಹ ಅಮೆರಿಕದ ನಾಸಾದಿಂದ ಒಂದು ವರ್ಷಕ್ಕೆ ಎರವಲು ಬಂದದ್ದು. ಹಳ್ಳಿಯಲ್ಲಿ ನಿಲ್ಲಿಸಿದ್ದು ಕೋಳಿಗೂಡಿನ ತಂತಿಜಾಲರಿಯಿಂದ ಮಾಡಿದ, ಹತ್ತು ಅಡಿ ಅಗಲದ ಆಂಟೆನಾ. ಬೆಳಿಗ್ಗೆ ಶಾಲಾ ಮಕ್ಕಳಿಗೆ ಇಪ್ಪತ್ತೆರಡೂವರೆ ನಿಮಿಷದ ಕನ್ನಡ ಕಾರ್ಯಕ್ರಮ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ.

ಸೈಟ್ ಬಗ್ಗೆ ಬರೆದವರೆಲ್ಲ ಈ ಆಂಟೆನಾ ಮತ್ತು ಮಕ್ಕಳ ಕಣ್ಣರಳಿಸಿದ ಮುಖಗಳನ್ನೇ ನೆನೆಯುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅದೇ ಪ್ರಯೋಗದೊಳಗೆ ನಡೆದ ಶಿಕ್ಷಕರ ತರಬೇತಿ. ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಕಲಿಸುವ ಬಗೆಯನ್ನು ಹೇಳಿಕೊಡಲು ಹನ್ನೆರಡು ದಿನಗಳ ಕಾರ್ಯಕ್ರಮವೊಂದನ್ನು ರಜೆಯ ದಿನಗಳಲ್ಲಿ ಇಟ್ಟರು. ಎರಡು ತಂಡಗಳಲ್ಲಿ ಸುಮಾರು 48,000 ಶಿಕ್ಷಕರು ಅದರಲ್ಲಿ ಕುಳಿತರು. ನೌಕರಿಯಲ್ಲಿರುವವರಿಗೆ, ಅವರಿದ್ದ ಕಡೆಗೇ, ಪರದೆಯ ಮೂಲಕ ತರಬೇತಿ ಕೊಡುವ ಕೆಲಸ ನಮ್ಮ ದೇಶದಲ್ಲಿ ಇಷ್ಟು ದೊಡ್ಡದಾಗಿ ಮೊದಲು ನಡೆದದ್ದು ಅದೇ ಎಂದು ನಾನು ತಿಳಿದಿದ್ದೇನೆ. ಪರದೆಯೊಂದನ್ನೇ ನಂಬಿರಲಿಲ್ಲ ಎಂಬುದನ್ನೂ ಹೇಳಬೇಕು. ರೇಡಿಯೊ ಪಾಠವಿತ್ತು, ಅಚ್ಚಾದ ಕೈಪಿಡಿಯಿತ್ತು, ಕೈಯಿಂದ ಮಾಡಿ ನೋಡುವ ಪ್ರಯೋಗಗಳಿದ್ದವು, ಕೇಂದ್ರದಲ್ಲಿ ಸಂದೇಹ ಪರಿಹರಿಸಲು ಒಬ್ಬ ಮಾರ್ಗದರ್ಶಿ ಶಿಕ್ಷಕರಿದ್ದರು.

ಇಷ್ಟೆಲ್ಲ ಖರ್ಚು ಮಾಡಿದ ಮೇಲೆ ಫಲವೇನು ಎಂಬ ಪ್ರಶ್ನೆಯನ್ನು ಸೈಟ್‌ನವರು ಪ್ರಯೋಗ ಮುಗಿದ ಮೇಲೆ ಕೇಳಿಕೊಳ್ಳಲಿಲ್ಲ, ಮೊದಲೇ ಕೇಳಿಕೊಂಡರು. ಟಿ.ವಿ. ಇರುವ ಹಳ್ಳಿ, ಟಿ.ವಿ. ಇಲ್ಲದ ಹಳ್ಳಿ ಎರಡನ್ನೂ ಆರಿಸಿ ಪ್ರಸಾರಕ್ಕೆ ಮುಂಚೆ, ನಡುವೆ, ಮುಗಿದ ಮೇಲೆ ಜನರನ್ನು ಮಾತಾಡಿಸಿದರು. ಕೆಲವು ಹಳ್ಳಿಗಳಲ್ಲಿ ಮಾನವಶಾಸ್ತ್ರಜ್ಞರು ತಿಂಗಳುಗಟ್ಟಲೆ ಉಳಿದು, ಟಿ.ವಿ. ಮುಂದೆ ಯಾರು ಕೂರುತ್ತಾರೆ, ಮನೆಗೆ ಹೋದಮೇಲೆ ಏನು ಮಾಡುತ್ತಾರೆ ಎಂದು ಬರೆದಿಟ್ಟರು. ಬಿನೋದ್ ಅಗ್ರವಾಲ್ ಅವರಂಥ ಸಂಶೋಧಕರು ಮುಂದೆ ಇದನ್ನೆಲ್ಲ ಪುಸ್ತಕವಾಗಿ ಹೊರತಂದರು. ಓದು ಬರಹ ಬಾರದವರಿಗೆ, ಹೆಂಗಸರಿಗೆ ಹೆಚ್ಚು ಲಾಭವಾಗಿದೆ ಎಂಬುದು ಅದರಲ್ಲಿ ತಿಳಿದ ದೊಡ್ಡ ಸಂಗತಿ. ಹೊಲದ ಕೆಲಸದ ರೀತಿ ಮಾತ್ರ ನಿರೀಕ್ಷಿಸಿದಂತೆ ಬದಲಾಗಲಿಲ್ಲ ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ಈ ಎರಡನೆಯದನ್ನು ಒಪ್ಪಿಕೊಂಡದ್ದಕ್ಕಾಗಿಯೇ ಮೊದಲನೆಯದನ್ನು ನಂಬಬಹುದು.

ತರಬೇತಿಯ ಬೆಲೆ ಕಟ್ಟುವ ವಿಚಾರ ಹೊರದೇಶಗಳಲ್ಲಿ ಆಗಲೇ ಶುರುವಾಗಿತ್ತು. ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ನಾಲ್ಕು ಮೆಟ್ಟಿಲುಗಳನ್ನು ಹೇಳಿದರು. ಬಂದವರಿಗೆ ತರಬೇತಿ ಹಿಡಿಸಿತೇ? ಏನನ್ನಾದರೂ ಕಲಿತರೇ? ಕಲಿತದ್ದನ್ನು ಕೆಲಸದಲ್ಲಿ ಬಳಸಿದರೇ? ಅದರಿಂದ ಸಂಸ್ಥೆಗೆ ಏನಾಯಿತು? ಆಮೇಲೆ ಜ್ಯಾಕ್ ಫಿಲಿಪ್ಸ್ ಐದನೆಯದೊಂದನ್ನು ಸೇರಿಸಿದರು: ಹಾಕಿದ ಹಣಕ್ಕೆ ಎಷ್ಟು ಮರಳಿತು? ಗಣಿಯಲ್ಲಿ, ವಿದ್ಯುತ್ ಸ್ಥಾವರದಲ್ಲಿ ಈ ಕೊನೆಯ ಮೆಟ್ಟಿಲು ಹತ್ತುವುದು ಅಷ್ಟು ಕಷ್ಟವಲ್ಲ. ನಮ್ಮದೇ ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಯಂಥ ಕಡೆ ಅಪಘಾತಗಳ ಲೆಕ್ಕವಿರುತ್ತದೆ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರದಂಥ ಕಡೆ ಘಟಕ ಎಷ್ಟು ಸಲ ನಿಂತಿತು ಎಂಬ ದಾಖಲೆಯಿರುತ್ತದೆ. ತರಬೇತಿಗೆ ಮೊದಲಿನದನ್ನೂ ನಂತರದ್ದನ್ನೂ ಪಕ್ಕಪಕ್ಕ ಇಡಬಹುದು. ಶಾಲೆಯಲ್ಲಿ, ಅಂಗನವಾಡಿಯಲ್ಲಿ, ಗ್ರಾಮ ಪಂಚಾಯಿತಿಯಲ್ಲಿ ಹಾಗಲ್ಲ.

ಸೈಟ್ ಮುಗಿದ ಮೇಲೆ ಉಪಗ್ರಹ ಹಿಂದಿರುಗಿತು, ಅನೇಕ ಹಳ್ಳಿಗಳ ಟಿ.ವಿ. ಪೆಟ್ಟಿಗೆಗಳು ಮೂಲೆ ಸೇರಿದವು. ಆದರೆ ದೂರದಿಂದ ತರಬೇತಿ ಕೊಡುವ ವಿಚಾರ ಕರ್ನಾಟಕವನ್ನು ಬಿಡಲಿಲ್ಲ. ತೊಂಬತ್ತರ ದಶಕದಲ್ಲಿ ಹೊಸದಾಗಿ ಆರಿಸಿಬಂದ ಪಂಚಾಯಿತಿ ಮಹಿಳಾ ಸದಸ್ಯರಿಗೆ ಉಪಗ್ರಹದ ಮೂಲಕ ತರಬೇತಿ ನಡೆಯಿತು. ಈ ಸಲ ಅವರು ಫೋನಿನಲ್ಲಿ ತಿರುಗಿ ಪ್ರಶ್ನೆ ಕೇಳಬಹುದಿತ್ತು. ಅನಂತರ ಮೈಸೂರಿನ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆಯ ‘ಸ್ಯಾಟ್‌ಕಾಮ್’ ಉಪಗ್ರಹ ತರಬೇತಿ ಬಂತು, ತಾಲ್ಲೂಕುಗಳಲ್ಲಿ ‘ಸಾಮರ್ಥ್ಯ ಸೌಧ’ ಎಂಬ ತರಬೇತಿ ಕೇಂದ್ರಗಳೆದ್ದವು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು.

ಅಳತೆಯ ರೀತಿ ಪೂರ್ತಿ ಬದಲಾದದ್ದು ಮೊಬೈಲ್ ಬಂದ ಮೇಲೆ. 2017ರಲ್ಲಿ ಶಿಕ್ಷಕರಿಗೆ ‘ದೀಕ್ಷಾ’ ಎಂಬ ಆನ್‌ಲೈನ್ ಕಲಿಕಾ ತಾಣ ಬಂತು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸಂಪುಟ ಸರ್ಕಾರಿ ನೌಕರರ ತರಬೇತಿಯ ‘ಮಿಷನ್ ಕರ್ಮಯೋಗಿ’ಗೆ ಒಪ್ಪಿಗೆ ಕೊಟ್ಟಿತು, ಅವರಿಗೆ ‘ಐಗಾಟ್’ ಎಂಬ ತಾಣ ಬಂತು. ದೀಕ್ಷಾದ ಅಡಿಪಾಯವಾದ ‘ಸನ್‌ಬರ್ಡ್’ ತಂತ್ರಾಂಶ ಬೆಂಗಳೂರಿನ ಏಕ್‌ಸ್ಟೆಪ್ ಪ್ರತಿಷ್ಠಾನದ ಕೊಡುಗೆ. ಯಾರು ಯಾವಾಗ ತೆರೆದರು, ಎಷ್ಟು ಹೊತ್ತು ನೋಡಿದರು, ಎಲ್ಲಿ ಬಿಟ್ಟರು ಎಂಬುದನ್ನು ಇಂಥ ತಂತ್ರಾಂಶ ತಾನಾಗಿಯೇ ಬರೆದುಕೊಳ್ಳುತ್ತದೆ. ಕೋರ್ಸ್ ಮುಗಿದರೆ ಪ್ರಮಾಣಪತ್ರ ತಾನಾಗಿಯೇ ಬರುತ್ತದೆ. ಹೀಗೆ ಖರ್ಚಿಲ್ಲದೆ ಸಿಗುವ ಅಂಕಿಯೇ ಮೇಲಿನ ಕಚೇರಿಗೆ ಹೋಗುವ ವರದಿಯಾಯಿತು. ಇಷ್ಟು ಮಂದಿ ಸೇರಿದರು, ಇಷ್ಟು ಮಂದಿ ಮುಗಿಸಿದರು, ಶೇಕಡಾ ಇಷ್ಟು. ಕರ್ಕ್‌ಪ್ಯಾಟ್ರಿಕ್ ಅವರ ನಾಲ್ಕು ಮೆಟ್ಟಿಲುಗಳಲ್ಲಿ ಇದಕ್ಕೆ ಜಾಗವೇ ಇಲ್ಲ. ಮುಗಿಸಿದರು ಎಂಬುದು ಮೊದಲ ಮೆಟ್ಟಿಲಿಗಿಂತಲೂ ಕೆಳಗಿನ ಸಂಗತಿ.

ಬೆಲೆಯ ಲೆಕ್ಕವನ್ನು ಇನ್ನೊಂದು ಕಡೆಯಿಂದ ನೋಡೋಣ. 2020ರ ಅಕ್ಟೋಬರಿನಲ್ಲಿ ಆನ್‌ಲೈನ್ ಆದ ‘ನಿಷ್ಠಾ’ ತರಬೇತಿಯಲ್ಲಿ ಪ್ರಾಥಮಿಕ ಶಿಕ್ಷಕರಿಗೆ 18 ಕೋರ್ಸುಗಳಿದ್ದವು, ಒಂದೊಂದಕ್ಕೆ ಮೂರರಿಂದ ನಾಲ್ಕು ತಾಸು. ಅಂದರೆ ಒಬ್ಬರಿಗೆ 54ರಿಂದ 72 ತಾಸು. ದಿನಕ್ಕೆ ಆರು ತಾಸಿನಂತೆ ಹಿಡಿದರೆ ಒಂಬತ್ತರಿಂದ ಹನ್ನೆರಡು ದಿನ. ಸೈಟ್ ತರಬೇತಿಯಲ್ಲಿ ಶಿಕ್ಷಕರು ರಜೆಯಲ್ಲಿ ಕುಳಿತದ್ದೂ ಹನ್ನೆರಡೇ ದಿನ. ಸಾವಿರ ಶಿಕ್ಷಕರಿದ್ದರೆ ಕನಿಷ್ಠ 54,000 ತಾಸು. ಸಂಬಳದ ಲೆಕ್ಕದಲ್ಲಿ ಇದು ದೊಡ್ಡ ಮೊತ್ತ. ಕಟ್ಟಡ, ಊಟ, ಬಸ್ ಖರ್ಚು ಉಳಿಯಿತು ಎಂಬ ಕಾರಣಕ್ಕೆ ಆನ್‌ಲೈನ್ ತರಬೇತಿ ಅಗ್ಗ ಎನ್ನುತ್ತೇವೆ. ಶಿಕ್ಷಕಿಯ ಸಮಯಕ್ಕೆ ಬೆಲೆಯಿಲ್ಲ ಎಂದುಕೊಂಡರೆ ಮಾತ್ರ ಆ ಮಾತು ನಿಜ.

ದೇವದುರ್ಗ ತಾಲ್ಲೂಕಿನ ಗೂಗಲ್ ಊರನ್ನೇ ತೆಗೆದುಕೊಳ್ಳಿ. ಕೃಷ್ಣೆಯ ದಂಡೆಯ ಊರು, ಅಲ್ಲಮಪ್ರಭುವಿನ ಕ್ಷೇತ್ರ. ಇಂಥ ಊರಿನ ಶಿಕ್ಷಕರು ಭಿನ್ನರಾಶಿ ಕಲಿಸುವ ಕೋರ್ಸ್ ಮುಗಿಸಿದರು ಎಂದು ಬೆಂಗಳೂರಿನ ಪರದೆಯಲ್ಲಿ ಕಾಣುತ್ತದೆ. ಐದನೆಯ ತರಗತಿಯ ಹುಡುಗಿ ಅರ್ಧ ದೊಡ್ಡದೋ ಕಾಲು ದೊಡ್ಡದೋ ಎಂಬುದನ್ನು ರೊಟ್ಟಿ ಮುರಿದು ತೋರಿಸುತ್ತಾಳೆಯೇ ಎಂಬುದು ಅಲ್ಲಿ ಕಾಣುವುದಿಲ್ಲ. ಅದನ್ನು ನೋಡಲು ಯಾರಾದರೂ ಆ ಶಾಲೆಗೆ ಹೋಗಬೇಕು. ಹೋಗುವವರು ನಮ್ಮಲ್ಲಿಲ್ಲವೇ? ಇದ್ದಾರೆ. ಶಾಲೆಗಳ ಪ್ರತಿ ಕ್ಲಸ್ಟರಿಗೆ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಹುದ್ದೆ ಇರುವುದೇ ಶಾಲೆಗೆ ಹೋಗಿ ಪಾಠ ನೋಡಲು. ಆದರೆ ಇಂದು ಅವರ ಕೈಯಲ್ಲಿರುವುದು ಕೋರ್ಸ್ ಮುಗಿಸದವರ ಪಟ್ಟಿ, ಬಾಯಲ್ಲಿರುವುದು ‘ಇವತ್ತೇ ಮುಗಿಸ್ರಿ ಸರ್, ಬಿಇಒ ಆಫೀಸಿಂದ ಫೋನ್ ಬರ್ಲಿಕತ್ತದ’ ಎಂಬ ಮಾತು.

ನಮ್ಮ ಭಾಗದಲ್ಲಿ ಇನ್ನೊಂದು ತೊಡಕಿದೆ. ಅನೇಕ ಶಾಲೆಗಳು ಅತಿಥಿ ಶಿಕ್ಷಕರ ಮೇಲೆ ನಿಂತಿವೆ. ಶೈಕ್ಷಣಿಕ ವರ್ಷ ಮುಗಿದರೆ ಅವರ ಅವಧಿಯೂ ಮುಗಿಯುತ್ತದೆ. ಅವರು ಕಲಿತದ್ದರ ಫಲ ಯಾವ ಶಾಲೆಯ ಲೆಕ್ಕಕ್ಕೆ ಸೇರಬೇಕು? ಕಾಯಂ ಶಿಕ್ಷಕರ ನೇಮಕವಿಲ್ಲದೆ ತರಬೇತಿಯ ಲಾಭ ಅಳೆಯುತ್ತೇವೆ ಎನ್ನುವುದು ಸುಳ್ಳು ಲೆಕ್ಕ.

ಶಾಲೆಯ ಮಾತು ಕಚೇರಿಗೂ ಸಲ್ಲುತ್ತದೆ. 2024ರ ಅಕ್ಟೋಬರಿನಲ್ಲಿ ದೇಶದಾದ್ಯಂತ ನಡೆದ ಕರ್ಮಯೋಗಿ ಸಪ್ತಾಹದಲ್ಲಿ ಪ್ರತಿಯೊಬ್ಬ ನೌಕರರೂ ನಾಲ್ಕು ತಾಸು ಕಲಿಯಬೇಕು ಎಂಬ ಗುರಿಯಿತ್ತು. ಗುರಿ ಕೆಟ್ಟದಲ್ಲ. ಆ ನಾಲ್ಕು ತಾಸಿನ ಮೂರು ತಿಂಗಳ ನಂತರ ಕಚೇರಿಗೆ ಬಂದ ಅರ್ಜಿ ಬೇಗ ವಿಲೇವಾರಿಯಾಯಿತೇ, ವೃದ್ಧಾಪ್ಯ ವೇತನಕ್ಕೆ ಮುದುಕಿ ಓಡಾಡುವುದು ಎರಡು ಸಲವಾದರೂ ತಪ್ಪಿತೇ ಎಂದು ಎಣಿಸುವ ಇನ್ನೊಂದು ಸಪ್ತಾಹ ಬೇಕು.

ರಾಯಚೂರು ಜಿಲ್ಲೆಯ ಶಾಲೆಗಳಲ್ಲಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಾಗಿರುವ ಓದುಗರಲ್ಲಿ ಒಂದು ಕೋರಿಕೆ. ಮುಂದಿನ ಸಭೆಯಲ್ಲಿ ಮುಖ್ಯ ಗುರುಗಳನ್ನು ಗೌರವದಿಂದಲೇ ಎರಡು ಮಾತು ಕೇಳಿರಿ: ಈ ವರ್ಷ ನಮ್ಮ ಶಿಕ್ಷಕರು ಯಾವ ಆನ್‌ಲೈನ್ ತರಬೇತಿ ಪಡೆದರು? ಅದರಿಂದ ತರಗತಿಯಲ್ಲಿ ಬದಲಾದ ಒಂದು ಸಂಗತಿಯನ್ನು ನಮಗೆ ತೋರಿಸುತ್ತೀರಾ? ಉತ್ತರ ಏನೇ ಬಂದರೂ ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿರಿ.