ಶರದೃತುವಿನ ಬುತ್ತಿ

ಪ್ರಶ್ನೆ: ಎಲೆಗಳು ಕೆಂಪಾಗದ, ರಾಣೆಬೆನ್ನೂರು ಕಡೆಯ ಹಲಗೇರಿ ಸೀಮೆಯಲ್ಲಿ ಶರದೃತುವಿಗೆ ತನ್ನದೇ ಸುಖ ಉಂಟೇ?

ಉತ್ತರ: ಉಂಟು; ಅದನ್ನು ಎಲೆಯ ಬಣ್ಣದಲ್ಲಲ್ಲ, ಬುತ್ತಿಯಲ್ಲಿ ಹುಡುಕಬೇಕು. ಆಶ್ವಯುಜದ ಸೀಗಿ ಹುಣ್ಣಿಮೆಗೆ ರಾಣೆಬೆನ್ನೂರು, ಬ್ಯಾಡಗಿ ಕಡೆಯ ರೈತರು ತುಂಬಿನಿಂತ ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಿ, ಮನೆಮಂದಿಯೆಲ್ಲ ಬದುವಿನ ಮೇಲೆ ಕೂತು ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಕಡುಬು ಉಣ್ಣುತ್ತಾರೆ. ಕಾರ್ತಿಕದ ಗೌರಿ ಹುಣ್ಣಿಮೆಗೆ ಅಚ್ಚಿನಲ್ಲಿ ಎರೆದ ಸಕ್ಕರೆ ಗೊಂಬೆಗಳ ಆರತಿ. ಕಟಾವಿಗೆ ಬಂದ ಮೆಕ್ಕೆಜೋಳವನ್ನು ಹಿಂಗಾರು ಮಳೆ ತೋಯಿಸುವ ಕಾಲದಲ್ಲಿ ಇದೆಂಥ ನೆಮ್ಮದಿ ಎಂದು ಕೇಳಬಹುದು. ಆತಂಕ ನಿಜವೇ. ಆದರೆ ಚರಗ ಚೆಲ್ಲುವುದು ರಾಶಿಗೂ ಮುನ್ನ, ಬೆಲೆ ತಿಳಿಯುವ ಮುನ್ನ. ಇಳುವರಿಯ ಲೆಕ್ಕಕ್ಕೆ ಕಾಯದೆ, ಭೂಮಿತಾಯಿ ಬಸುರಿಯೆಂದು ಆಕೆಗೆ ಬಡಿಸುವ ಬಯಕೆಯೂಟ ಅದು. ಅದಕ್ಕೆ ಬೇಕಾದದ್ದು ಒಂದು ಮಧ್ಯಾಹ್ನ, ಬದುವಿನ ಗಿಡದ ನೆರಳು, ಜೊತೆಗೆ ಕೂತು ಉಣ್ಣುವ ನಾಲ್ಕು ಮಂದಿ.